ಎಣ್ಣೆ ಕುದಿಯೋದು 229 ಡಿಗ್ರಿಗೆ, ಹಬೆ ಇರೋದು 100 ಡಿಗ್ರಿ, ಮತ್ತೆ ಮಜ್ಜಿಗೆಹುಲ್ಲಿನ ಎಣ್ಣೆ ಅದ್ಹೇಗೆ ಹೊರಗೆ ಬರತ್ತೆ?

ತೋಟದಮನೆ_ಹೈದ

ನಮಸ್ಕಾರ ಎಲ್ರಿಗೂ. ನಮ್ದು ಸಕಲೇಶಪುರ ಸೈಡು. ತೋಟದ ಮೇಲ್ಗಡೆ ಒಂದಷ್ಟು ಬೋಳು ಗುಡ್ಡ ಇದೆ, ಅಲ್ಲಿ ಏನ್ ನೆಟ್ರೂ ದನ, ಕಾಟಿ ಬಿಡಲ್ಲ ಅಂತ ನಮ್ ಮಾವ ಮಜ್ಜಿಗೆಹುಲ್ಲು ಹಾಕ್ಬಿಟ್ರು (ಲೆಮನ್‌ಗ್ರಾಸ್ ಅಂತಾರಲ್ಲ ಅದೇ), ಅದನ್ನ ಯಾವ ಪ್ರಾಣೀನೂ ಮುಟ್ಟಲ್ಲ, ಹುಲುಸಾಗಿ ಬಂದಿದೆ. ಈಗ ಎಣ್ಣೆ ತೆಗೀಬೇಕು ಅಂತ ಸಣ್ಣ ಡಿಸ್ಟಿಲೇಷನ್ ಯೂನಿಟ್ ಹಾಕೋ ಮಾತು ನಡೀತಿದೆ. ಕೊಟೇಷನ್ ಕೊಡೋಕೆ ಬಂದವನು ಬರೀ "ಸರ್ ಹಬೆ ಬಿಟ್ರೆ ಎಣ್ಣೆ ತಾನಾಗೇ ಬರತ್ತೆ" ಅಂತಾನೆ, ಹೇಗೆ ಅಂದ್ರೆ ನಗ್ತಾನೆ.

ನನ್ ತಲೆ ತಿಂತಿರೋದು ಇದು. ಈ ಎಣ್ಣೇಲಿ ಮುಕ್ಕಾಲು ಪಾಲು ಸಿಟ್ರಾಲ್, ಅದರ ಕುದಿಬಿಂದು 229 ಡಿಗ್ರಿ. ಹಬೆ 100 ಡಿಗ್ರಿ. ನಮ್ಮೂರು ಎತ್ತರದಲ್ಲಿರೋದ್ರಿಂದ ನೀರು ಕುದಿಯೋದೇ 97ರ ಹತ್ರ, ಇನ್ನೂ ಕಮ್ಮಿ. 97 ಡಿಗ್ರಿ ಹಬೆ 229ಕ್ಕೆ ಕುದಿಯೋ ಎಣ್ಣೇನ ಹೇಗೆ ಆವಿ ಮಾಡತ್ತೆ? ಪಿಯುಸಿ ಕೆಮಿಸ್ಟ್ರಿ ಮರ್ತು ಬಹಳ ವರ್ಷ ಆಯ್ತು, ದಯವಿಟ್ಟು ಕನ್ನಡದಲ್ಲಿ ಬಿಡಿಸಿ ಹೇಳಿ. ಇನ್ನೊಂದು, ಪ್ರೆಶರ್ ಜಾಸ್ತಿ ಮಾಡಿದ್ರೆ ಬೇಗ ಬರತ್ತಾ? ದೊಡ್ಡ ಕುಕ್ಕರ್ ಥರ ಮಾಡಿಸ್ಬಹುದಾ ಅಂತ ಮಾವ ಕೇಳ್ತಿದಾರೆ.

ಕೆಮಿಸ್ಟ್ರಿ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಕೊಟೇಷನ್‌ನವನು ನಕ್ಕಿದ್ದು ಅವನಿಗೂ ಗೊತ್ತಿಲ್ಲದೆ ಇರಬಹುದು, ಬಿಡಿ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದಾಕೋಣ. ಆವಿ ಆಗೋಕೆ ಕುದೀಲೇಬೇಕು ಅಂತೇನಿಲ್ಲ. ಹೊರಗೆ ಹರಗಿದ ಬಟ್ಟೆ 100 ಡಿಗ್ರಿಗೆ ಹೋಗಿ ಒಣಗಲ್ಲ ತಾನೆ? ಯಾವ ದ್ರವ ಆದ್ರೂ ಯಾವ ಉಷ್ಣತೇಲಾದ್ರೂ ಸ್ವಲ್ಪ ಆವಿ ಬಿಡ್ತಾನೇ ಇರತ್ತೆ, ಆ ಆವಿಗೆ ಒಂದು ಒತ್ತಡ ಇರತ್ತೆ, ಅದನ್ನ ಆವಿಯೊತ್ತಡ ಅಂತೀವಿ. ಬಿಸಿ ಜಾಸ್ತಿ ಆದಂಗೆ ಅದು ಏರತ್ತೆ. ಏರಿ ಏರಿ ಹೊರಗಿನ ಗಾಳಿ ಒತ್ತಡಕ್ಕೆ ಸಮ ಆದಾಗ ಕುದಿಯತ್ತೆ. ನಿಮ್ಮೂರಲ್ಲಿ ಗಾಳಿ ಒತ್ತಡ ಕಮ್ಮಿ, ಅದಕ್ಕೇ 97ಕ್ಕೇ ಕುದಿಯೋದು. ಮಜ್ಜಿಗೆಹುಲ್ಲನ್ನ ಕೈಯಲ್ಲಿ ಉಜ್ಜಿದ್ರೆ ಘಮ ಅನ್ನತ್ತಲ್ಲ, ಅದು 25 ಡಿಗ್ರಿಲಿ ಸಿಟ್ರಾಲ್ ಆವಿ ಆಗಿ ನಿಮ್ಮ ಮೂಗಿಗೆ ಬಂದಿರೋದು. 229 ಆಗೋವರೆಗೂ ಕಾದಿಲ್ಲ ಅದು.

ಈಗ ಮುಖ್ಯ ವಿಷಯ. ನೀರು, ಎಣ್ಣೆ ಬೆರೆಯಲ್ಲ. ಬೆರೆಯದೇ ಇರೋ ಎರಡು ದ್ರವ ಒಂದೇ ಪಾತ್ರೇಲಿ ಇದ್ರೆ ಒಂದಕ್ಕೊಂದು ಕ್ಯಾರೇ ಅನ್ನಲ್ಲ, ನೀರು ತನ್ನ ಪೂರ್ತಿ ಆವಿಯೊತ್ತಡ ಕೊಡತ್ತೆ, ಎಣ್ಣೆ ತನ್ನ ಪೂರ್ತಿ ಆವಿಯೊತ್ತಡ ಕೊಡತ್ತೆ, ಎರಡೂ ಕೂಡ್ಕೊಳ್ತವೆ. ಕೂಡಿದ ಮೊತ್ತ ಗಾಳಿ ಒತ್ತಡಕ್ಕೆ ಸಮ ಆದ್ರೆ ಸಾಕು, ಕುದಿಯೋಕೆ ಶುರು. ಅಂದ್ರೆ ಎಣ್ಣೆ ಒಬ್ಬಂಟಿಯಾಗಿ 760 ಮಿಮಿ (ಪಾದರಸದ ಎತ್ತರದಲ್ಲಿ ಅಳೆದ ಸಮುದ್ರ ಮಟ್ಟದ ಗಾಳಿ ಒತ್ತಡ) ಮುಟ್ಟಬೇಕಿಲ್ಲ, 750ನ್ನ ನೀರೇ ಹೊತ್ಕೊಂಡು ಮಿಕ್ಕ 10 ಮಾತ್ರ ಎಣ್ಣೆ ಕೊಟ್ರೂ ನಡಿಯತ್ತೆ. ಪಿಯುಸಿ ಪುಸ್ತಕದಲ್ಲಿ ಅನಿಲೀನ್ ಉದಾಹರಣೆ ಇತ್ತು, ನೆನಪಿರಬಹುದು: ಅದು ಒಂದೇ ಇದ್ರೆ 184ಕ್ಕೆ ಕುದಿಯತ್ತೆ, ನೀರಿನ ಜೊತೆ ಇದ್ರೆ 98ರ ಹತ್ರಾನೇ ಎರಡೂ ಒಟ್ಟಿಗೆ ಹಾರ್ತವೆ. ನೀರು ಒಂದೇ ಇದ್ದಾಗ ಕುದಿಯೋದಕ್ಕಿಂತಲೂ ಕಮ್ಮಿ, ನೋಡಿ.

ಎಷ್ಟು ಬರತ್ತೆ ಅನ್ನೋ ಲೆಕ್ಕ ಬೇಕಾ? ಆವಿಯೊತ್ತಡ ಗುಣಿಸು ಅಣುಭಾರ, ಎರಡರ ಅನುಪಾತ. ಸಿಟ್ರಾಲ್ ಅಣುಭಾರ 152, ನೀರಿಂದು 18. ಸಿಟ್ರಾಲ್ 10 ಮಿಮಿ ಕೊಡತ್ತೆ ಅಂತಿಟ್ಕೊಳ್ಳಿ (ಸುಮ್ನೆ ಲೆಕ್ಕಕ್ಕೆ, ಸಮುದ್ರ ಮಟ್ಟದ್ದು), 10 × 152 ಮೇಲೆ, 750 × 18 ಕೆಳಗೆ, 0.11 ಬರತ್ತೆ. ಒಂದು ಕೆಜಿ ಹಬೆ ಜೊತೆ 110 ಗ್ರಾಂ ಎಣ್ಣೆ. ಒತ್ತಡದಲ್ಲಿ ಎಣ್ಣೆ ಪಾಲು ನೂರಕ್ಕೆ ಒಂದು ಚಿಲ್ರೆ, ಆದ್ರೆ ಅಣು ದಪ್ಪ ಇರೋದ್ರಿಂದ ತೂಕದಲ್ಲಿ ಹತ್ತನೇ ಒಂದು ಪಾಲು ದಾಟ್ತು, ಅದೇ ಇದರ ಮಜಾ. ಹಾಗಂತ ಅಷ್ಟೇ ಬರತ್ತೆ ಅಂತ ಮಾವನಿಗೆ ಹೇಳ್ಬಿಡ್ಬೇಡಿ. ಇದು ಎಣ್ಣೆ ಹೊರಗೆ ಸಿದ್ಧವಾಗಿ ಕೂತಿದ್ರೆ ಆಗೋ ಲೆಕ್ಕ. ನಿಜದಲ್ಲಿ ಅದು ಎಲೆ ಒಳಗಿನ ಜೀವಕೋಶದಲ್ಲಿರತ್ತೆ, ಹಬೆ ಒಳಗೆ ಹೋಗಿ ಅದು ಜಿನುಗಿ ಹೊರಗೆ ಬರೋಕೇ ಟೈಮ್ ಹಿಡಿಯೋದು.

ಒಗ್ಗರಣೆ_ಡಬ್ಬಿ

ಮೇಷ್ಟ್ರೇ ಹಾಗಾದ್ರೆ ಸಾರು ಜಾಸ್ತಿ ಕುದಿಸ್ಬೇಡ, ಒಂದು ಉಕ್ಕು ಬಂದ ತಕ್ಷಣ ಇಳಿಸು ಅಂತ ನಮ್ಮತ್ತೆ ಬೈತಿದ್ದಿದ್ದು ಇದಕ್ಕೇನಾ? ಮನೆಯೆಲ್ಲಾ ಘಮಘಮ ಅಂತಿದೆ ಅಂದ್ರೆ ತಟ್ಟೇಲಿ ಏನೂ ಉಳಿದಿಲ್ಲ ಅಂತ ಅರ್ಥ 😀 ನೆಗಡಿ ಬಂದಾಗ ಬಿಸಿನೀರಿಗೆ ನೀಲಗಿರಿ ಎಣ್ಣೆ ಎರಡು ಹನಿ ಹಾಕಿ ಕಂಬಳಿ ಹೊದ್ಕೊಂಡು ಹಬೆ ತಗೊಳ್ಳೋದೂ ಇದೇ ಲೆಕ್ಕ ಅನ್ಸತ್ತೆ, ಅಲ್ವಾ?

ಕೆಮಿಸ್ಟ್ರಿ_ಮೇಷ್ಟ್ರು

ಎರಡೂ ಅದೇ. ನೀಲಗಿರಿ ಎಣ್ಣೇಲಿರೋ ಮುಖ್ಯ ಪದಾರ್ಥ ಸಿನಿಯೋಲ್, ಕುದಿಬಿಂದು 176. ನಿಮ್ಮ ಪಾತ್ರೆ ನೀರು 80 ಇದ್ರೂ ಅದು ಹಬೆ ಜೊತೆ ಎದ್ದು ಬರತ್ತೆ. ಆದ್ರೆ ಮಕ್ಕಳಿಗೆ ಕಂಬಳಿ ಹೊದಿಸಿ ಕುದಿಯೋ ಪಾತ್ರೆ ಮುಂದೆ ಕೂರಿಸೋದು ಬೇಡ, ಪಾತ್ರೆ ಮಗುಚಿ ಸುಟ್ಕೊಂಡಿರೋ ಕೇಸ್ ಆಸ್ಪತ್ರೆಗಳಲ್ಲಿ ಹೊಸದೇನಲ್ಲ.

ಬಾಯ್ಲರ್_ಮನಿ_ಮಂದಿ

ನಮಸ್ಕಾರ್ರಿ. ನಾ ಮುಧೋಳ ಕಡೆಯಾಂವ, ಸಕ್ಕರಿ ಫ್ಯಾಕ್ಟರಿ ಬಾಯ್ಲರ್ ಹೌಸಿನ್ಯಾಗ ಕೆಲಸ. ಕೆಮಿಸ್ಟ್ರಿ ಮ್ಯಾಷ್ಟ್ರು ಚಲೋ ಹೇಳ್ಯಾರ, ನಾ ಉರಿ, ಕಟ್ಟಿಗಿ, ನೀರಿನ ಲೆಕ್ಕ ಹೇಳ್ತೀನಿ, ಯಾಕಂದ್ರ ಯೂನಿಟ್ ಹಾಕಿದ ಮಂದಿ ಸೋಲೋದು ಅಲ್ಲೇ.

ಒಂದು ಲೀಟರ್ ನೀರು 25 ಡಿಗ್ರಿಯಿಂದ 100ಕ್ಕ ಏರಿಸಾಕ 314 ಕಿಲೋಜೂಲ್ ಬೇಕು. ಆಮ್ಯಾಲ ಅದ 100 ಡಿಗ್ರಿ ನೀರು 100 ಡಿಗ್ರಿ ಹಬಿ ಆಗಾಕ 2257. ಥರ್ಮಾಮೀಟರ್ ಒಂದು ಗೆರಿ ಸೈತ ಏರಂಗಿಲ್ಲ, ಆದ್ರ ಕಟ್ಟಿಗಿ ಏಳು ಪಟ್ಟು ತಿಂತೈತಿ. ಗ್ಲಾಸ್ಗೋದಾಗ ಜೋಸೆಫ್ ಬ್ಲ್ಯಾಕ್ ಅನ್ನಾಂವ 1760ರ ಸುಮಾರಿನ್ಯಾಗ ಇದನ್ನ ಗುರ್ತಿಸಿ ಗುಪ್ತೋಷ್ಣ ಅಂದಾ, ಅದ ಊರಾಗ ಜೇಮ್ಸ್ ವಾಟ್ ಹಬಿ ಇಂಜಿನ್ನಿಗೆ ಬ್ಯಾರೆ ಕಂಡೆನ್ಸರ್ (ಹಬಿ ತಣ್ಣಗ ಮಾಡಿ ವಾಪಸ್ ನೀರು ಮಾಡೋ ಭಾಗ) ಜೋಡಿಸೋ ಐಡಿಯಾ ಮಾಡಿದ್ದು 1765ರಾಗ. ಈಗ ನಿಮ್ಮ ಲೆಕ್ಕಕ್ಕ ಬರ್ರಿ. ಒಣ ಕಟ್ಟಿಗಿ ಒಂದು ಕೆಜಿಗೆ ಸುಮಾರು 15 ಮೆಗಾಜೂಲ್ ಐತಿ, ಕಲ್ಲು ಮಣ್ಣಿನ ಒಲಿಯಾಗ ಮೂರನೇ ಒಂದು ಪಾಲು ನೀರಿಗೆ ಮುಟ್ಟಿದ್ರ ದೊಡ್ಡದು, ಉಳಿದದ್ದೆಲ್ಲಾ ಚಿಮಣಿಗೆ. ಅಂದ್ರ ಒಂದು ಕೆಜಿ ಕಟ್ಟಿಗಿಗೆ ಎರಡು ಕೆಜಿ ಹಬಿ ಬರೂದೂ ಕಷ್ಟ. ಹಸಿ ಕಟ್ಟಿಗಿ ಆದ್ರ ಕೇಳಬ್ಯಾಡ್ರಿ.

ಇನ್ನ ಎಲ್ಲಾರೂ ಮರಿಯೋದು ಕಂಡೆನ್ಸರ್. ಹಬಿಯೊಳಗ ಹಾಕಿದ 2257ನ್ನ ವಾಪಸ್ ತಗೀಬೇಕಲ್ರಿ, ಇಲ್ಲಂದ್ರ ಅದು ನೀರು ಆಗೂದ ಇಲ್ಲ. ತಣ್ಣೀರು 20 ಡಿಗ್ರಿ ಬಿಸಿ ಆಗಿ ಹೊರಗ ಹೋಗ್ತೈತಿ ಅಂತ ಹಿಡೀರಿ, ಒಂದು ಲೀಟರ್ ತಣ್ಣೀರು ಹೊರೋದು 84 ಕಿಲೋಜೂಲ್. ಭಾಗಾಕಾರ ಮಾಡ್ರಿ, ಒಂದು ಕೆಜಿ ಹಬಿಗೆ 27 ಲೀಟರ್ ತಣ್ಣೀರು ಬೇಕು! ಬ್ಯಾಸಗ್ಯಾಗ ಆ ನೀರು ಎಲ್ಲಿಂದ ತರ್ತೀರಿ ಅನ್ನೋದನ್ನ ಮೊದಲ ಯೋಚನಿ ಮಾಡ್ರಿ, ಪಾತ್ರಿ ಸೈಜ್ ಆಮ್ಯಾಲ. ಒಂದು ತೊಟ್ಟಿ ಕಟ್ಟಿ ಅದ ನೀರು ತಿರಿಗಿಸಬೇಕಾಗ್ತೈತಿ. ಕಂಡೆನ್ಸರ್ ಮ್ಯಾಲಿಂದ ಬರೋ ಬಿಸಿನೀರನ್ನ ಬಾಯ್ಲರಿಗೆ ಫೀಡ್ ಕೊಡ್ರಿ, ಅಷ್ಟರ ಉಳಿತೈತಿ.

ನಮ್ಮ ಫ್ಯಾಕ್ಟರಿಯಾಗ ಇದ ಕಾರಣಕ್ಕ ಹಬಿ ಒಂದ ಸಲ ಉಪಯೋಗಿಸಿ ಬಿಡಂಗಿಲ್ಲ. ಕಬ್ಬಿನ ಹಾಲು ಕುದಿಸೋ ಪಾತ್ರಿ ನಾಕು ಸಾಲಾಗಿ ಇರ್ತಾವು. ಮೊದಲನೇದ್ರಾಗ ಎದ್ದ ಹಬಿ ಎರಡನೇದ್ದನ್ನ ಕಾಯಿಸ್ತೈತಿ, ಎರಡನೇದ್ದು ಮೂರನೇದ್ದನ್ನ, ಹಂಗ. ಮುಂದ ಮುಂದ ಹೋದಂಗ ಒಳಗಿನ ಒತ್ತಡ ಇಳಿಸ್ತಾರ, ಕಡೀ ಪಾತ್ರಿಯೊಳಗ ವ್ಯಾಕ್ಯೂಮ್ ಇರ್ತೈತಿ, ಅಲ್ಲಿ ರಸ 60 ಡಿಗ್ರಿ ಆಜುಬಾಜು ಕುದೀತೈತಿ. ಒಂದು ಕೆಜಿ ಹಬಿ ಕೊಟ್ಟು ಸುಮಾರು ನಾಕು ಕೆಜಿ ನೀರು ಹಾರಸ್ತೀವಿ. ಇದನ್ನ ಕಂಡು ಹಿಡದಾಂವ ಅಮೆರಿಕಾದ ನ್ಯೂ ಆರ್ಲಿಯನ್ಸಿನ ನಾರ್ಬರ್ಟ್ ರಿಲ್ಯೂ, 1840ರ ದಶಕದಾಗ, ಕಪ್ಪು ತಾಯಿ ಮಗಾ, ಗುಲಾಮಗಿರಿ ಇದ್ದ ಕಾಲ. ನಮ್ಮ ಕಡೆ ಬೆಲ್ಲದ ಗಾಣದಾಗ ನೋಡ್ರಿ, ಕೊಪ್ಪರಿಗಿ ಬಾಯಿ ತೆರದ ಇರ್ತೈತಿ, ಹಬಿ ಎಲ್ಲಾ ಮುಗಲಿಗೆ. ಆದ್ರ ಬೆಲ್ಲದ ರುಚಿ ಬರೋದು ಆ ತೆರದ ಕೊಪ್ಪರಿಗಿಯಾಗ, ಅದಕ್ಕ ನಾ ಏನೂ ಅನ್ನಂಗಿಲ್ಲ.

ಸುಮ್ನೆ_ಒಂದ್_ಡೌಟು

ಫ್ಯಾಕ್ಟರಿ ಪಕ್ಕ ಬಸ್ಸಲ್ಲಿ ಹೋಗುವಾಗ ಬೆಳ್ಳಗೆ ಹೊಗೆ ಥರ ಬರ್ತಿರತ್ತಲ್ಲ ಅದೆಲ್ಲಾ ಹಬೇನಾ ಸರ್? ಅಷ್ಟೊಂದ್ ವೇಸ್ಟ್ ಮಾಡ್ತಾರಾ

ಬಾಯ್ಲರ್_ಮನಿ_ಮಂದಿ

ಬೆಳ್ಳಗ ಕಾಣೂದು ಹಬಿ ಅಲ್ರಿ, ಹಬಿ ತಣ್ಣಗಾಗಿ ಆದ ನೀರಿನ ಸಣ್ಣ ಹನಿ. ಖರೇ ಹಬಿ ಕಣ್ಣಿಗೆ ಕಾಣಂಗಿಲ್ಲ. ಕುದಿಯೋ ಕೆಟಲ್ ಮೂತಿ ನೋಡ್ರಿ, ಮೂತಿಗೆ ಹತ್ತಿದ ಜಾಗಾ ಖಾಲಿ ಕಾಣ್ತೈತಿ, ಅದರ ಮುಂದ ಬೆಳ್ಳಗ. ಆ ಖಾಲಿ ಜಾಗಾನ ಡೇಂಜರ್. ನಮ್ಮಲ್ಲಿ ಟರ್ಬೈನಿಗೆ ಹೋಗೋ ಹಬಿ ಚದರ ಸೆಂಟಿಮೀಟರಿಗೆ 60-70 ಕೆಜಿ ಒತ್ತಡ, 480-500 ಡಿಗ್ರಿ ಇರ್ತೈತಿ, ಅದು ಎಲ್ಲೆರ ಸೋರಿದ್ರ ಸಪ್ಪಳ ಕೇಳ್ತೈತಿ ಹೊರತು ಕಾಣಂಗಿಲ್ಲ. ಹಳೇ ಮಂದಿ ಕಸಬರಗಿ ಕೋಲು ಮುಂದ ಹಿಡಕೊಂಡು ಹುಡಕ್ತಿದ್ರು ಅಂತ ಹೇಳ್ತಾರ, ಕೋಲು ತುಂಡಾದ್ರ ಅಲ್ಲೇ ಲೀಕ್. ಕೈ ಹಿಡದ ನೋಡಬ್ಯಾಡ್ರಿ ಮಾರಾಯ್ರ.

ಸೋಪಿನ_ಶೆಟ್ರು

ಇಷ್ಟೊತ್ತು ಹಬೆ ಎಣ್ಣೆ ಅಂತ ಮಾತಾಡಿ ಯಾರೂ ಗಂಧದೆಣ್ಣೆ ಹೆಸರೇ ಎತ್ತಲಿಲ್ವಲ್ಲ, ಮೈಸೂರು ರಾಜ್ಯಕ್ಕೆ ದುಡ್ಡು ತಂದ ಹಬೆ ಅಂದ್ರೆ ಅದು! 1914ಕ್ಕೆ ಮುಂಚೆ ನಮ್ಮ ಗಂಧದ ಮರ ಹರಾಜಾಗಿ ಹಡಗು ಹತ್ತಿ ಹೋಗ್ತಿತ್ತು, ಹೆಚ್ಚಿನ ಪಾಲು ಜರ್ಮನಿಗೆ, ಎಣ್ಣೆ ತೆಗೀತಿದ್ದೋರು ಅವರು, ಲಾಭಾನೂ ಅವರದ್ದೇ. ಮೊದಲನೇ ಮಹಾಯುದ್ಧ ಶುರುವಾಯ್ತು, ಜರ್ಮನಿ ಬಾಗಿಲು ಬಂದ್, ಕೊರಡು ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಇದ್ದ ಸರ್ಕಾರ ಇಲ್ಲೇ ಎಣ್ಣೆ ತೆಗೆಯೋಣ ಅಂತ ತೀರ್ಮಾನ ಮಾಡ್ತು. ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟ್‌ನಲ್ಲಿದ್ದ (ಈಗಿನ ಐಐಎಸ್‌ಸಿ) ಸಡ್‌ಬರೋ, ವಾಟ್ಸನ್ ಅನ್ನೋ ಕೆಮಿಸ್ಟ್‌ಗಳು ಬಟ್ಟಿ ಇಳಿಸೋ ವಿಧಾನ ಸರಿ ಮಾಡಿಕೊಟ್ರು, 1916ರ ಹೊತ್ತಿಗೆ ಇಲ್ಲೇ ಎಣ್ಣೆ ಬರೋಕೆ ಶುರು ಆಯ್ತು, ಆಮೇಲೆ ಮೈಸೂರಲ್ಲಿ ದೊಡ್ಡ ಫ್ಯಾಕ್ಟರಿ. ಸೋಪು ಬಂದಿದ್ದು ಅದರ ಹಿಂದೆ. ಎಣ್ಣೆ ಮೊದಲು, ಸೋಪು ಆಮೇಲೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮೇಷ್ಟ್ರಿಗೆ ಒಂದು ಪ್ರಶ್ನೆ, ಗಂಧದ ಪುಡಿಗೆ ಎರಡು ಮೂರು ದಿನ ಬಿಡದೆ ಹಬೆ ಕೊಡ್ತಾರೆ ಅಂತ ಕೇಳಿದೀನಿ, ಹುಲ್ಲಿಗೆ ಎರಡು ಮೂರು ಗಂಟೆ ಸಾಕಂತೆ. ಯಾಕಿಷ್ಟು ವ್ಯತ್ಯಾಸ? ಗಂಧದಲ್ಲೇ ಎಣ್ಣೆ ಜಾಸ್ತಿ ಇರೋದಲ್ವಾ.

ಕೆಮಿಸ್ಟ್ರಿ_ಮೇಷ್ಟ್ರು

ಎಣ್ಣೆ ಜಾಸ್ತೀನೇ, ಒಳ್ಳೆ ಚೇಗಲ್ಲಿ (ಮರದ ಒಳಗಿನ ಗಟ್ಟಿ ತಿರುಳು) ನೂರಕ್ಕೆ ನಾಲ್ಕರಿಂದ ಆರು, ಹಸಿ ಹುಲ್ಲಲ್ಲಿ ನೂರಕ್ಕೆ ಅರ್ಧ ಅಷ್ಟೇ. ಆದ್ರೆ ಗಂಧದ ಸ್ಯಾಂಟಲಾಲ್ 300 ಡಿಗ್ರಿ ಹತ್ರ ಕುದಿಯೋ ಭಾರದ ಪದಾರ್ಥ, 100 ಡಿಗ್ರೀಲಿ ಅದರ ಆವಿಯೊತ್ತಡ ತೀರಾ ಕಮ್ಮಿ. ಅರ್ಧ ಮಿಮಿ ಅಂತಿಟ್ಕೊಂಡು ಅದೇ ಲೆಕ್ಕ ಹಾಕಿ, ಅಣುಭಾರ 220. ಒಂದು ಕೆಜಿ ಹಬೆಗೆ 8 ಗ್ರಾಂ. ಹುಲ್ಲಿಗೆ 110 ಬಂದಿತ್ತು. ಜೊತೆಗೆ ಅದು ಎಲೆ ಅಲ್ಲ, ಗಟ್ಟಿ ಚೇಗು, ಪುಡಿ ಮಾಡಿದ್ರೂ ಎಣ್ಣೆ ನಿಧಾನಕ್ಕೇ ಬಿಡತ್ತೆ. ಪರಿಮಳ ಮೈಮೇಲೆ ಬಹಳ ಹೊತ್ತು ನಿಲ್ಲೋದೂ, ಹಬೆ ಪಾತ್ರೆಯಿಂದ ಬೇಗ ಏಳದೇ ಇರೋದೂ ಒಂದೇ ಕಾರಣಕ್ಕೆ, ಬೇಗ ಆವಿ ಆಗಲ್ಲ ಅದು. ಅತ್ತರಿನವರು ಅದಕ್ಕೇ ಗಂಧದೆಣ್ಣೇನ ಬೇಸ್ ಆಗಿ ಇಟ್ಕೊಳ್ಳೋದು.

ಇದರ ಜೊತೆಗೇ ಮೊದಲು ಕೇಳಿದ ಪ್ರೆಶರ್ ಪ್ರಶ್ನೆಗೂ ಬರ್ತೀನಿ. ಒತ್ತಡ ಏರಿಸಿದ್ರೆ ಹಬೆ ಉಷ್ಣತೆ ಏರತ್ತೆ, ಕುಕ್ಕರಲ್ಲಿ 120 ಹತ್ರ ಹೋಗತ್ತಲ್ಲ ಹಾಗೆ. ಬಿಸಿ ಏರಿದಾಗ ಎಣ್ಣೆ ಆವಿಯೊತ್ತಡ ನೀರಿನದಕ್ಕಿಂತ ಜೋರಾಗಿ ಏರೋದ್ರಿಂದ ಹಬೇಲಿ ಎಣ್ಣೆ ಪಾಲು ಜಾಸ್ತಿ ಆಗತ್ತೆ. ಗಂಧದಂಥ ಭಾರದ ಎಣ್ಣೆಗೆ ಅದು ಉಪಯೋಗ. ಮಜ್ಜಿಗೆಹುಲ್ಲಿಗೆ ಬೇಕಾಗಿಲ್ಲ, ಹಾಗೇ ಸಲೀಸಾಗಿ ಬರತ್ತೆ. ಜಾಸ್ತಿ ಬಿಸಿ ಕೊಟ್ರೆ ಸಿಟ್ರಾಲ್ ಕೆಡತ್ತೆ, ಖರೀದಿ ಮಾಡೋನು ಸಿಟ್ರಾಲ್ ಪರ್ಸೆಂಟ್ ನೋಡಿಯೇ ರೇಟ್ ಕಟ್ಟೋದು.

ತೋಟದಮನೆ_ಹೈದ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. 27 ಲೀಟರ್ ನೀರಿನ ಲೆಕ್ಕ ಮಾವನಿಗೆ ಹೇಳ್ದೆ, ಅವರ ಮುಖ ನೋಡ್ಬೇಕಿತ್ತು. ಮೇಲ್ಗಡೆ ಬೇಡ ಕೆಳಗೆ ಹಳ್ಳದ ಹತ್ರಾನೇ ಹಾಕಣ ಅಂತಿದಾರೆ ಈಗ. ಇನ್ನೊಂದು, ದುಡ್ಡು ಉಳಿಸೋಕೆ ಹಳೇ ಡ್ರಮ್ ತಗೊಂಡು ಊರಿನ ವೆಲ್ಡಿಂಗ್‌ನವನ ಹತ್ರಾನೇ ಮಾಡಿಸೋದು, ಹುಲ್ಲನ್ನ ನೀರೊಳಗೇ ಹಾಕಿ ಕುದಿಸೋದು, ಮೇಲೊಂದು ಪೈಪು, ಪೈಪಿಗೆ ವಾಲ್ವ್. ಇದು ನಡಿಯತ್ತಾ?

ಬಾಯ್ಲರ್_ಮನಿ_ಮಂದಿ

ವಾಲ್ವ್ ಬ್ಯಾಡ!! ಪಾತ್ರಿಯಿಂದ ಕಂಡೆನ್ಸರ್ ದಾಟಿ ಎಣ್ಣಿ ಬೀಳೋ ಜಾಗಾತನಕಾ ದಾರಿ ಸದಾ ತೆರದ ಇರಬೇಕು. ಒಂದು ಲೀಟರ್ ನೀರು ಹಬಿ ಆದ್ರ ಸುಮಾರು 1,670 ಲೀಟರ್ ಜಾಗಾ ಬೇಡ್ತೈತಿ, ನೀವು ದಾರಿ ಮುಚ್ಚಿದ್ರ ಅದು ತನ್ನ ದಾರಿ ತಾನ ಮಾಡ್ಕೋತೈತಿ. ಹುಲ್ಲು ಮ್ಯಾಲೆದ್ದು ಪೈಪಿನ ಬಾಯಿಗೆ ಸಿಗಬೀಳೂದೂ ಐತಿ, ಅದಕ್ಕ ಮ್ಯಾಲೊಂದು ಜಾಳಗಿ ಹಾಕ್ರಿ, ಪೈಪು ದಪ್ಪಂದು ತಗೋರಿ. ಇಷ್ಟ ಮಾಡಿದ್ರೂ ಒಂದು ಸೇಫ್ಟಿ ವಾಲ್ವ್ ಇರಲಿ, ಅದೊಂದ ವಾಲ್ವಿಗೆ ನಂದು ತಕರಾರು ಇಲ್ಲ.

ಒತ್ತಡ ಇಲ್ಲದ ತೆರದ ಪಾತ್ರಿ ಬ್ಯಾರೆ, ಬಾಯ್ಲರ್ ಬ್ಯಾರೆ. 25 ಲೀಟರಿಗಿಂತ ದೊಡ್ಡದು, ಒತ್ತಡ ಒಂದು ಕೆಜಿ ಮತ್ತ ಅದರ ಮ್ಯಾಲ ಅಂದ್ರ ಅದು ಕಾನೂನಿನ ಪ್ರಕಾರ ಬಾಯ್ಲರ್, ಇಲಾಖೆ ತಪಾಸಣಿ, ರಿಜಿಸ್ಟ್ರೇಷನ್ ಎಲ್ಲಾ ಬರ್ತೈತಿ. ಊರ ವೆಲ್ಡಿಂಗಿನಾಂವ ಗೇಟ್ ಚಲೋ ಮಾಡಬಹುದು, ಬಾಯ್ಲರ್ ಅವನ ಕೆಲಸ ಅಲ್ಲ. ಮಾವ ಅವರ ಕುಕ್ಕರ್ ಐಡಿಯಾ ಇಲ್ಲಿಗೇ ಬಿಡ್ರಿ. ಹಳೇ ಡ್ರಮ್ಮಿನ್ಯಾಗ ಮೊದಲು ಏನಿತ್ತೋ ಯಾರಿಗೆ ಗೊತ್ತು, ಪೆಟ್ರೋಲಿನ ಆವಿ ಉಳದಿದ್ರ ವೆಲ್ಡಿಂಗ್ ಕಿಡಿಗೇ ಮುಗೀತು.

ಕೆಮಿಸ್ಟ್ರಿ_ಮೇಷ್ಟ್ರು

ಡ್ರಮ್ ಬೇಡ ಅನ್ನೋದಕ್ಕೆ ನನ್ನದೂ ಒಂದು ಓಟು, ಬೇರೆ ಕಾರಣಕ್ಕೆ. ತುಕ್ಕು ಸೇರಿದ್ರೆ ಎಣ್ಣೆ ಬಣ್ಣ ಕಪ್ಪಾಗತ್ತೆ, ರೇಟ್ ಬೀಳತ್ತೆ. ಕಂಡೆನ್ಸರ್, ಎಣ್ಣೆ ಮುಟ್ಟೋ ಜಾಗ ಇಷ್ಟಾದ್ರೂ ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ಹುಲ್ಲನ್ನ ನೀರೊಳಗೆ ಮುಳುಗಿಸೋದೂ ಬೇಡ, ತಳ ಹಿಡಿದು ಸೀದ ವಾಸನೆ ಬರತ್ತೆ, ಅಷ್ಟೂ ನೀರು ಕುದಿಸೋಕೆ ಸೌದೆ ದಂಡ. ಇಡ್ಲಿ ಪಾತ್ರೆ ಥರ ಕೆಳಗೆ ನೀರು, ಮಧ್ಯ ತೂತಿನ ತಟ್ಟೆ, ಮೇಲೆ ಹುಲ್ಲು, ಸಣ್ಣ ಯೂನಿಟ್‌ಗೆ ಅದೇ ಸರಿ. ಹುಲ್ಲನ್ನ ಕೊಯ್ದು ಒಂದು ದಿನ ನೆರಳಲ್ಲಿ ಬಾಡಿಸಿ, ನೀರಿನಂಶ ಹೋಗತ್ತೆ, ಒಂದೇ ಪಾತ್ರೇಲಿ ಜಾಸ್ತಿ ಹಿಡಿಯತ್ತೆ. ಮಳೇಲಿ ನೆನೆದ ಹುಲ್ಲು ಹಾಕಿದ್ರೆ ಆ ಮಳೆನೀರನ್ನೂ ನೀವೇ ಕಾಯಿಸ್ಬೇಕು. ತುಂಬುವಾಗ ಸಮವಾಗಿ ತುಳಿದು ತುಂಬಿ. ಒಂದು ಕಡೆ ಸಡಿಲ ಇದ್ರೆ ಹಬೆ ಅಲ್ಲೇ ಬಿಲ ಮಾಡ್ಕೊಂಡು ಸೀದಾ ಮೇಲೆ ಹೋಗತ್ತೆ, ಮಿಕ್ಕ ಹುಲ್ಲು ಹಸಿಹಸಿಯಾಗೇ ಉಳಿಯತ್ತೆ, ಎಣ್ಣೆ ಕಮ್ಮಿ ಬಂತು ಅಂತ ಆಮೇಲೆ ತಳಿಗೆ ಬೈಕೊಂಡು ಕೂರೋದು.

ಕೆಳಗೆ ಬಿದ್ದ ನೀರಲ್ಲಿ ಎಣ್ಣೆ ಮೇಲೆ ತೇಲತ್ತೆ, ನೀರಿಗಿಂತ ಹಗುರ. ನೀರು ತಳದಿಂದ ಹೊರಗೆ ಹೋಗೋ ಹಾಗೆ ಬಾಗಿಸಿದ ನಳಿಗೆ ಇರೋ ಪಾತ್ರೆ ಸಿಗತ್ತೆ, ಎಣ್ಣೆ ಮೇಲೇ ನಿಲ್ಲತ್ತೆ. ಆ ನೀರಲ್ಲೂ ಸ್ವಲ್ಪ ಎಣ್ಣೆ ಕರಗಿರತ್ತೆ, ಚೆಲ್ಲಬೇಡಿ, ಮುಂದಿನ ಸಲ ಅದನ್ನೇ ಬಾಯ್ಲರ್ ನೀರಾಗಿ ಹಾಕಿ. ಬೆಂಗಳೂರಲ್ಲಿ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಹತ್ರ ಸಿಮ್ಯಾಪ್ ಕೇಂದ್ರ ಇದೆ, ಸುಗಂಧ ಬೆಳೆಗಳ ಸಂಶೋಧನೆ ಅವರದ್ದೇ ಕೆಲಸ, ದುಡ್ಡು ಹಾಕೋಕೆ ಮುಂಚೆ ಒಂದ್ಸಲ ಹೋಗಿ ಯೂನಿಟ್ ಕಣ್ಣಾರೆ ನೋಡ್ಕೊಂಡು ಬನ್ನಿ.

ತೋಟದಮನೆ_ಹೈದ

ವಾಲ್ವ್ ಕ್ಯಾನ್ಸಲ್, ಡ್ರಮ್ ಕ್ಯಾನ್ಸಲ್ 🙏 ಕೊನೇದೊಂದು, ಎಷ್ಟು ಹೊತ್ತಿಗೆ ನಿಲ್ಲಿಸ್ಬೇಕು? ಪೂರ್ತಿ ಎಣ್ಣೆ ಬರೋವರೆಗೂ ಉರಿ ಹಾಕ್ತಾನೇ ಇರೋದಾ?

ಬಾಯ್ಲರ್_ಮನಿ_ಮಂದಿ

ಪೂರ್ತಿ ಅನ್ನೋದು ಇಲ್ರಿ. ಒಂದು ಗಾಜಿನ ಗ್ಲಾಸ್ ಇಟ್ಕೊಂಡು ಆಗಾಗ ಪೈಪಿನ ಬಾಯಿಗೆ ಹಿಡೀರಿ, ಮೊದಲು ಮ್ಯಾಲೆ ಎಣ್ಣಿ ದಪ್ಪ ಪದರ ನಿಲ್ತೈತಿ, ಆಮ್ಯಾಲ ತೆಳ್ಳಗ, ಕಡೀಕ ಬರೇ ವಾಸನಿ. ಕಡೀ ಅರ್ಧ ತಾಸಿನ್ಯಾಗ ಬಂದ ಎಣ್ಣಿ ರೊಕ್ಕ, ಆ ಅರ್ಧ ತಾಸು ಸುಟ್ಟ ಕಟ್ಟಿಗಿ ರೊಕ್ಕ ತೂಗಿ ನೋಡ್ರಿ, ಕಟ್ಟಿಗಿ ಜಾಸ್ತಿ ಆದ ದಿನ ಉರಿ ತಗೀರಿ. ಉಳಿದ ಹುಲ್ಲು ಬಿಸಿಲಿಗೆ ಒಣಗಿಸಿ ಇಡ್ರಿ, ಮುಂದಿನ ಸಲ ಅದ ಒಲಿಗೆ ಆಗ್ತೈತಿ, ನಾವು ಕಬ್ಬಿನ ಸಿಪ್ಪಿ ಸುಟ್ಟು ಇಡೀ ಫ್ಯಾಕ್ಟರಿ ನಡಸ್ತೀವಿ.